ಆರೋಗ್ಯ ಪ್ರಶ್ನೋತ್ತರ: ಲಿವರ್ ಕ್ಯಾನ್ಸರ್ ರಿಪೋರ್ಟಿನ ಅಂಕಿಗಳು ಏನು ಹೇಳುತ್ತವೆ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ಹೆಪಟೈಟಿಸ್ ಬಿ ಇದೆ, ಸಿರೋಸಿಸ್ಸೂ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಇದೆ. ಲಿವರಿನಲ್ಲಿದ್ದ 4 ಸೆಂ.ಮೀ. ಗಡ್ಡೆಯನ್ನು ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದರು. ಅದಕ್ಕೆ ಮೊದಲು ಎಎಫ್‌ಪಿ 860 ಇತ್ತು. 4 ವಾರಕ್ಕೆ 42, ಮೂರು ತಿಂಗಳಿಗೆ 18 ಆಯಿತು. ಈಗ ಊರಿನ ಲ್ಯಾಬಿನಲ್ಲಿ 27 ಬಂದಿದೆ. ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ಗಡ್ಡೆ ಮತ್ತೆ ಬಂತೇ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಈ ಒಂದು 27 ನೋಡಿ ಹಾಗೆ ಹೇಳಲು ಬರುವುದಿಲ್ಲ. ಎಎಫ್‌ಪಿ ಎಂಬುದು ಗರ್ಭದಲ್ಲಿರುವ ಮಗುವಿನ ಲಿವರ್ ತಯಾರಿಸುವ ಪ್ರೋಟೀನು. ಹುಟ್ಟಿದ ಮೇಲೆ ಅದರ ಉತ್ಪಾದನೆ ಹೆಚ್ಚುಕಡಿಮೆ ನಿಲ್ಲುತ್ತದೆ. ಲಿವರ್ ಕ್ಯಾನ್ಸರಿನ ಕೋಶಗಳು ಅದನ್ನು ಮತ್ತೆ ಶುರುಮಾಡಬಹುದು. ಗಡ್ಡೆ ಪೂರ್ತಿ ಹೋಗಿದ್ದರೆ ರಕ್ತದಲ್ಲಿರುವ ಎಎಫ್‌ಪಿ 5ರಿಂದ 7 ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯಬೇಕು. 7 ದಿನದ ಲೆಕ್ಕ ಹಿಡಿದರೆ 860 ನಾಲ್ಕು ವಾರದಲ್ಲಿ 430, 215, 108, 54 ಎಂದು ಇಳಿಯುತ್ತದೆ. ನಿಮ್ಮ ತಂದೆಯವರದು 42, ಅಂದರೆ ಇಳಿಯಬೇಕಾದಷ್ಟು ಇಳಿದಿದೆ. ಆಗಲೇ 300ರಲ್ಲಿ ನಿಂತಿದ್ದರೆ ಎಲ್ಲೋ ಉಳಿದಿದೆ ಎಂದು ಅನುಮಾನ ಪಡಬೇಕಿತ್ತು.

ಈಗಿನ 27ಕ್ಕೆ ಬರೋಣ. ಲ್ಯಾಬ್ ಬದಲಾಗಿದೆ. ಬೇರೆ ಕಂಪನಿಯ ಮಷೀನು, ಬೇರೆ ಕಿಟ್ ಆದರೆ ಅದೇ ರಕ್ತಕ್ಕೂ ಬೇರೆ ಅಂಕಿ ಬರುತ್ತದೆ. ಎರಡನೆಯದಾಗಿ, ಹೆಪಟೈಟಿಸ್ ಬಿ ಕೆರಳಿದರೆ ಗಡ್ಡೆ ಇಲ್ಲದೆಯೂ ಎಎಫ್‌ಪಿ ಏರುತ್ತದೆ. ಹೆಪಟೈಟಿಸ್ ಬಿಗೆ ಕೊಡುವ ಟೆನೊಫೊವಿರ್ ಮಾತ್ರೆ ನಡುವೆ ತಪ್ಪಿತ್ತೇ, ಕಾಮಾಲೆಗೆಂದು ಯಾರಾದರೂ ನಾಟಿ ಔಷಧಿ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ದಿನಾ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊದಿಕೊಂಡ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಸಿರೋಸಿಸ್ ಇದ್ದವರಿಗೆ ಅದು ಬೇಡವೇ ಬೇಡ.

18 ಬಂದ ಹಳೆಯ ಲ್ಯಾಬಿನಲ್ಲೇ 3–4 ವಾರ ಬಿಟ್ಟು ಎಎಫ್‌ಪಿ ಮಾಡಿಸಿ, ಜೊತೆಗೆ ಲಿವರಿನ ಊತ ತೋರಿಸುವ ಎಸ್‌ಜಿಪಿಟಿ ಮತ್ತು ವೈರಸ್ ಎಷ್ಟಿದೆ ಎಂದು ಹೇಳುವ ಹೆಪಟೈಟಿಸ್ ಬಿ ಡಿಎನ್‌ಎ ಇರಲಿ. ಖಾಲಿ ಹೊಟ್ಟೆ ಬೇಕಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ 3 ದಿನ ಮೊದಲು ನಿಲ್ಲಿಸಿ, ಕೆಲವು ಮಷೀನುಗಳಲ್ಲಿ ಅದು ಅಂಕಿಯನ್ನು ಸುಳ್ಳೇ ಇಳಿಸುತ್ತದೆ. ಎಸ್‌ಜಿಪಿಟಿ ಸರಿಯಿದ್ದೂ ಎಎಫ್‌ಪಿ 40, 70 ಎಂದು ಏರುತ್ತಲೇ ಹೋದರೆ ಮುಂದಿನ ತಾರೀಖಿಗೆ ಕಾಯದೆ ಟ್ರೈಫೇಸಿಕ್ ಸಿಟಿ (ಕಾಂಟ್ರಾಸ್ಟ್ ಔಷಧಿ ಚುಚ್ಚಿ ಮೂರು ಹಂತದಲ್ಲಿ ತೆಗೆಯುವ ಸ್ಕ್ಯಾನ್) ಅಥವಾ ಕಾಂಟ್ರಾಸ್ಟ್ ಎಂಆರ್‌ಐ ಮಾಡಿಸಬೇಕು. ಏರದಿದ್ದರೂ ಮೊದಲ ಎರಡು ವರ್ಷ 3–4 ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬೇಡಿ. ಸಿರೋಸಿಸ್ ಇರುವ ಲಿವರಿನಲ್ಲಿ ಹೊಸ ಗಡ್ಡೆ ಹುಟ್ಟುವುದು ಅಪರೂಪವಲ್ಲ.

ಇಂಥ ಅನುಮಾನದ ಅಂಕಿ ಬಂದಾಗ ಕೆಲವು ವೈದ್ಯರು ಎಎಫ್‌ಪಿ-ಎಲ್3 ಬರೆಯುತ್ತಾರೆ. ಚನ್ನಂಗಿ ಬೇಳೆಯಿಂದ ತೆಗೆದ ಒಂದು ಪ್ರೋಟೀನಿಗೆ ಅಂಟಿಕೊಳ್ಳುವ ಎಎಫ್‌ಪಿಯ ಪಾಲು ಅದು. ಶೇ. 10 ದಾಟಿದರೆ ಕ್ಯಾನ್ಸರಿನ ಅನುಮಾನ ಬಲವಾಗುತ್ತದೆ. (ಬೇಳೆ ಸಾರು ಉಂಡರೆ ಅಂಕಿ ಏರುವುದಿಲ್ಲ, ಧೈರ್ಯವಾಗಿ ಉಣ್ಣಿ.)

ಪ್ರಶ್ನೆ: ಅಜ್ಜನ ಪಿವ್ಕಾ-2 ರಿಪೋರ್ಟಿನಲ್ಲಿ 1,900 ಎಂದಿದೆ, 40ರ ಒಳಗಿರಬೇಕಂತೆ. ಎಎಫ್‌ಪಿ 6 ಮಾತ್ರ. ಹೃದಯದ ವಾಲ್ವ್ ಬದಲಿಸಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸಿಟ್ರಾಮ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ನಿಲ್ಲಿಸಿ ಮತ್ತೆ ಟೆಸ್ಟ್ ಮಾಡಿಸಬಹುದೇ?
– ಓದುಗರು, ಸಾಗರ

ಉತ್ತರ: ನಿಲ್ಲಿಸಬೇಡಿ. ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಅನ್ನು ಲಿವರ್ ತಯಾರಿಸುತ್ತದೆ. ಅದು ಪೂರ್ಣವಾಗಲು ಕೆ ವಿಟಮಿನ್ ಬೇಕು. ಅರ್ಧಕ್ಕೆ ಉಳಿದ, ಕೆಲಸಕ್ಕೆ ಬಾರದ ಪ್ರೋಥ್ರಾಂಬಿನ್ನೇ ಪಿವ್ಕಾ-2. ಕ್ಯಾನ್ಸರ್ ಕೋಶಗಳು ಇದನ್ನು ಬಿಡುತ್ತವೆ ನಿಜ. ಆದರೆ ಆಸಿಟ್ರಾಮ್, ವಾರ್ಫರಿನ್ ಮಾಡುವುದೂ ಅದನ್ನೇ: ಕೆ ವಿಟಮಿನ್ ಕೆಲಸ ಮಾಡದಂತೆ ತಡೆಯುತ್ತವೆ. ಹಾಗಾಗಿ ಅಜ್ಜನ 1,900ಕ್ಕೆ ಕ್ಯಾನ್ಸರಿನ ಮಟ್ಟಿಗೆ ಅರ್ಥವಿಲ್ಲ. ಅವರಿಗೆ ಈ ಟೆಸ್ಟ್ ಬರೆಯಲೇಬಾರದಿತ್ತು. ಪಿತ್ತನಾಳ ಕಟ್ಟಿದ ಕಾಮಾಲೆಯಲ್ಲಿ, ಬಹುದಿನ ಆ್ಯಂಟಿಬಯೋಟಿಕ್ ತಿಂದವರಲ್ಲಿ, ಊಟ ಬಿಟ್ಟವರಲ್ಲಿಯೂ ಇದು ಏರುತ್ತದೆ.

ಹಾಗೆಂದು ಎಎಫ್‌ಪಿ 6 ಇದೆಯೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಲಿವರ್ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಎಎಫ್‌ಪಿ ಏರುವುದೇ ಇಲ್ಲ. ಅಲ್ಟ್ರಾಸೌಂಡಿನಲ್ಲಿ ಏನಾದರೂ ಕಂಡಿದ್ದರೆ ಸಿಟಿಯೇ ತೀರ್ಮಾನ ಹೇಳಬೇಕು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿಟ್ಟುಕೊಂಡು ಹೋಗಿ, ಇಲ್ಲದಿದ್ದರೆ ಕಾಂಟ್ರಾಸ್ಟ್ ಕೊಡದೆ ವಾಪಸು ಕಳಿಸುತ್ತಾರೆ. ಆಸಿಟ್ರಾಮ್ ತಿನ್ನದವರಲ್ಲಿ ಪಿವ್ಕಾ-2 ಹೀಗೆ ಏರಿದ್ದರೆ ಗಡ್ಡೆಯು ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳಕ್ಕೆ ನುಗ್ಗಿದೆಯೇ ಎಂದು ವಿಶೇಷವಾಗಿ ನೋಡುತ್ತಾರೆ. ನುಗ್ಗಿದ್ದರೆ ರೋಗ ಮುಂದುವರಿದ ಹಂತಕ್ಕೆ ಸೇರುತ್ತದೆ.

ಇನ್ನೊಂದು ಮಾತು: ಮಳೆಗಾಲದಲ್ಲಿ ವಾರಗಟ್ಟಲೆ, ಕೆ ವಿಟಮಿನ್ ಇರುವ ಪತ್ರೊಡೆ, ಕೆಸುವಿನ ಸೊಪ್ಪು ತಿಂದು ಆಮೇಲೆ ಒಮ್ಮೆಲೇ ಬಿಟ್ಟರೆ, ಆಸಿಟ್ರಾಮ್ ತಿನ್ನುವವರಲ್ಲಿ ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್ ಏರುಪೇರಾಗುತ್ತದೆ. ಸೊಪ್ಪು ಬೇಡವೆಂದಲ್ಲ, ವಾರದಿಂದ ವಾರಕ್ಕೆ ಅಳತೆ ಒಂದೇ ಇರಲಿ.

ಪ್ರಶ್ನೆ: ಬಯಾಪ್ಸಿಯಲ್ಲಿ ಗ್ಲಿಪಿಕಾನ್-3 ಪಾಸಿಟಿವ್, ಸಿಕೆ19 ಶೇ. 10 ಎಂದಿದೆ. ಇದರ ಅರ್ಥವೇನು?
– ಓದುಗರು, ಹೊಸನಗರ

ಉತ್ತರ: ಎರಡೂ ಗಡ್ಡೆಯ ಕೋಶಗಳಲ್ಲಿ ಹುಡುಕುವ ಪ್ರೋಟೀನುಗಳು. ಮೊದಲನೆಯದು ಗಡ್ಡೆ ಲಿವರ್ ಕೋಶದಿಂದಲೇ ಹುಟ್ಟಿದ್ದು ಎಂಬುದಕ್ಕೆ ಆಧಾರ. ಶೇ. 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಸಿಕೆ19 ಇರುವ ಗಡ್ಡೆಗಳು ಆಪರೇಷನ್ ನಂತರ ಬೇಗ ಮರುಕಳಿಸುವ ಸಂಭವ ಹೆಚ್ಚು. ಇದರಿಂದ ಸದ್ಯಕ್ಕೆ ಔಷಧಿ ಬದಲಾಗುವುದಿಲ್ಲ, ಸ್ಕ್ಯಾನಿನ ಅಂತರ ಕಡಿಮೆಯಾಗುತ್ತದೆ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಇಟ್ಟ ಪ್ಯಾರಾಫಿನ್ ಬ್ಲಾಕನ್ನು ಕೇಳಿ ಪಡೆದು, ಬಿಸಿಲು ತಾಗದಂತೆ ಇಟ್ಟುಕೊಳ್ಳಿ. ಬೆಂಗಳೂರಿಗೋ ಮಣಿಪಾಲಕ್ಕೋ ಹೋದಾಗ ಮತ್ತೆ ಸೂಜಿ ಹಾಕಿಸಿಕೊಳ್ಳುವುದು ತಪ್ಪುತ್ತದೆ.

ಪ್ರಶ್ನೆ: ಭಾವನಿಗೆ 3 ಸೆಂ.ಮೀ. ಗಡ್ಡೆ. ಎಎಫ್‌ಪಿ ಬರೀ 30. ಆದರೂ ಡಾಕ್ಟರು ಆಪರೇಷನ್ ಬೇಡ ಅಂದರು. ಯಾಕೆ? ಊಟದಲ್ಲಿ ಏನು ಮಾಡಬಹುದು?
– ಓದುಗರು, ಸೊರಬ

ಉತ್ತರ: ನೀವು ಕಳಿಸಿದ ರಿಪೋರ್ಟಿನಲ್ಲಿ ಎಎಫ್‌ಪಿಗಿಂತ ಮುಖ್ಯವಾದ ಪ್ರೋಟೀನು ಇನ್ನೊಂದಿದೆ, ಲಿವರ್ ತಯಾರಿಸುವ ಆಲ್ಬುಮಿನ್. ಗಡ್ಡೆ ಎಷ್ಟು ದೊಡ್ಡದು ಎನ್ನುವಷ್ಟೇ, ಉಳಿದ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದೂ ರೋಗಿಯ ಮುಂದಿನ ದಿನಗಳನ್ನು ನಿರ್ಧರಿಸುತ್ತದೆ. ಲಿವರಿನ ಶಕ್ತಿ ಅಳೆಯುವ ಚೈಲ್ಡ್-ಪ್ಯೂ ಲೆಕ್ಕ ಹಾಕೋಣ. ಬಿಲಿರುಬಿನ್ 1.4ಕ್ಕೆ 1 ಅಂಕ, ಆಲ್ಬುಮಿನ್ 3.0ಕ್ಕೆ 2, ಐಎನ್‌ಆರ್ 1.3ಕ್ಕೆ 1, ಹೊಟ್ಟೆಯಲ್ಲಿ ಸ್ವಲ್ಪ ನೀರು ಇರುವುದಕ್ಕೆ 2, ಗೊಂದಲ-ಮಂಪರು ಇಲ್ಲದ್ದಕ್ಕೆ 1. ಒಟ್ಟು 7. 5–6 ಬಂದರೆ ಎ ವರ್ಗ, 7–9 ಬಿ, 10–15 ಸಿ. ಭಾವ ಬಿ ವರ್ಗದವರು. ಲಿವರಿನ ತುಂಡು ಕತ್ತರಿಸಿದರೆ ಉಳಿದದ್ದು ದೇಹದ ಭಾರ ಹೊರದೆ ಸೋಲಬಹುದು. ಗಡ್ಡೆ ಸುಡುವ ಅಬ್ಲೇಶನ್ ಆಗುತ್ತದೆಯೇ, ಲಿವರ್ ಕಸಿಗೆ ಯೋಗ್ಯರೇ ಎಂದು ಕೇಳಿ. ಕಸಿಗೆ ಎಎಫ್‌ಪಿ 1,000 ದಾಟಿದ್ದರೆ ಅಡ್ಡಿ. 30 ಇರುವುದು ಅವರ ಪಾಲಿಗೆ ಅನುಕೂಲವೇ.

ಊಟದಲ್ಲಿ ಪ್ರೋಟೀನ್ ಕಡಿಮೆ ಮಾಡಬೇಡಿ. ತೂಕದ ಕೆ.ಜಿ.ಗೆ 1.2ರಿಂದ 1.5 ಗ್ರಾಂ, ಅಂದರೆ 60 ಕೆ.ಜಿ. ಇದ್ದರೆ ದಿನಕ್ಕೆ 72–90 ಗ್ರಾಂ ಬೇಕು. ಬರೀ ಗಂಜಿಯಲ್ಲಿ ಅದು ಸಿಗುವುದಿಲ್ಲ. ಬೇಳೆ, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು ಸೇರಿಸಿ. ಮಲಗುವ ಮುಂಚೆ ಏನಾದರೂ ತಿನ್ನಲಿ, ಸಿರೋಸಿಸ್ಸಿನಲ್ಲಿ ರಾತ್ರಿಯ ಉಪವಾಸಕ್ಕೆ ಸ್ನಾಯು ಕರಗುತ್ತದೆ. ಹೊಟ್ಟೆಯಲ್ಲಿ ನೀರು ಇರುವುದರಿಂದ ದಿನದ ಉಪ್ಪು ಒಟ್ಟು 5 ಗ್ರಾಂ ಮೀರಬಾರದು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಒಣಮೀನು ಪೂರ್ತಿ ಬಿಡಬೇಕು. ಬೂಸ್ಟು ಹಿಡಿದ, ಅಂದರೆ ಶಿಲೀಂಧ್ರ ಬಂದ ಶೇಂಗಾ, ಜೋಳವನ್ನು ಆರಿಸಿ ತಿನ್ನುವುದೂ ಬೇಡ, ಅದರ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ.

ಕಾರಣ ಹೆಪಟೈಟಿಸ್ ಬಿ ಆಗಿದ್ದರೆ ಮನೆಯವರೆಲ್ಲ ಆ ವೈರಸ್ ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದು, ಮೊದಲೇ ಲಸಿಕೆ ಆಗಿರದಿದ್ದವರಿಗೆ 0, 1, 6ನೇ ತಿಂಗಳಿಗೆ ಮೂರು ಡೋಸ್. ಪಾಸಿಟಿವ್ ಬಂದವರಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ, ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.