ಇಂಗ್ಲಿಷಿನ ವಿ ಮತ್ತು ಡಬ್ಲ್ಯು: ತುಟಿ ಎಲ್ಲಿರಬೇಕು?

ಬನಿಯನ್ ಅನ್ನುವ ‘ವೆಸ್ಟ್’ಗೆ ವಿ, ಪಶ್ಚಿಮ ಅನ್ನುವ ‘ವೆಸ್ಟ್’ಗೆ ಡಬ್ಲ್ಯು, ನನ್ನ ಬಾಯಲ್ಲಿ ಎರಡೂ ಒಂದೇ ಆಗುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಇಲ್ಲಿ ಎಡವಿದವನೇ. ನಮ್ಮ ಗೇಟಿನ ಮೇಲೆ ಹಬ್ಬಿದ್ದ ಮಲ್ಲಿಗೆ ಬಳ್ಳಿಯನ್ನು ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ‘ವೈನ್’ ಅಂದೆ. ಮಲ್ಲಿಗೆಯಿಂದಲೂ ವೈನ್ ತೆಗೀತೀರಾ ಅಂತ ಕೇಳಿದರು ಪುಣ್ಯಾತ್ಮರು.

ನಮ್ಮ ‘ವ’ ಈ ಎರಡರ ನಡುವಿನದು. ವ್ಯಾಕರಣದಲ್ಲಿ ಅದು ದಂತೋಷ್ಠ್ಯ, ಅಂದರೆ ಹಲ್ಲು-ತುಟಿ ಸೇರಿ ಹುಟ್ಟುವ ಅಕ್ಷರ. ಆದರೆ ‘ವಾರ’ ಅಂದು ನೋಡಿ: ಕೆಳತುಟಿ ಮೇಲಿನ ಹಲ್ಲಿನ ಹತ್ತಿರ ಹೋಗುತ್ತೆ ಅಷ್ಟೇ, ಒತ್ತುವುದಿಲ್ಲ. ಉಸಿರು ಸಲೀಸಾಗಿ ಹೊರಬರುತ್ತೆ.

ಇಂಗ್ಲಿಷಿನ ವಿ ಹಾಗಲ್ಲ. ತುಟಿ ಹಲ್ಲಿಗೆ ತಾಗಬೇಕು, ಆ ಸಂದಿಯಲ್ಲಿ ಉಸಿರು ಉಜ್ಜಿಕೊಂಡು ಬರಬೇಕು. ‘ಫ್ಯಾನ್’ನ ಮೊದಲ ಸದ್ದನ್ನು ‘ಫ್ಫ್ಫ್’ ಅಂತ ಎಳೆಯಿರಿ (‘ಪ್ಯಾನ್’ ಅನ್ನುವ ರೂಢಿಯಿದ್ದರೆ ಮೊದಲು ಅದನ್ನು ಬಿಡಿ). ತುಟಿ ಕದಲಿಸದೆ ಗಂಟಲಿನ ದನಿ ಸೇರಿಸಿ. ದುಂಬಿ ಗುಂಯ್‌ಗುಟ್ಟಿದ ಹಾಗೆ ತುಟಿಗೆ ಕಚಗುಳಿಯಾದರೆ ಅದೇ ವಿ. ‘ಫ್ಯಾನ್’ ‘ವ್ಯಾನ್’ ಆಯಿತು.

ಡಬ್ಲ್ಯುಗೆ ಹಲ್ಲಿನ ಕೆಲಸವೇ ಇಲ್ಲ. ಸೀಟಿ ಹೊಡೆಯುವವರಂತೆ ತುಟಿ ದುಂಡಗೆ ಮಾಡಿ; ನಾಲಿಗೆಯ ಹಿಂಭಾಗ ತಾನಾಗಿ ಅಂಗಳಿನ ಹಿಂದಿನ ಮೆತ್ತನೆ ಭಾಗದತ್ತ ಏಳುತ್ತೆ. ಅಂದರೆ ‘ಉ’ ಶುರುಮಾಡಿ, ಅಲ್ಲಿ ನಿಲ್ಲದೆ ಮುಂದಿನ ಸ್ವರಕ್ಕೆ ಜಾರುವುದು: ‘ಉಎಸ್ಟ್’. ಇದೇನೂ ನಮಗೆ ಹೊಸದಲ್ಲ. ‘ಒಂದು’ ಅನ್ನೋದನ್ನು ಎಷ್ಟೋ ಜನ ‘ವೊಂದು’ ಅಂತಾರಲ್ಲ, ಅಲ್ಲಿ ತುಟಿ ಮಾಡುವುದು ಇದನ್ನೇ.

ಕಾಗುಣಿತ ಮಾತ್ರ ನಂಬಬೇಡಿ. ಇಂಗ್ಲಿಷಿನ ‘ಒನ್’ ಬರೆಯುವುದು ಓ ಅಕ್ಷರದಿಂದ, ಶುರುವಾಗುವುದು ಡಬ್ಲ್ಯು ಸದ್ದಿನಿಂದ. ಒಂದೇ ಎಫ್ ಇರುವ ‘ಆಫ್’ನ ಕೊನೆಗೆ ಕೇಳುವುದು ವಿ. ‘ಆನ್ಸರ್’ನಲ್ಲಿ ಡಬ್ಲ್ಯು ಬರವಣಿಗೆಯಲ್ಲಿದೆ, ಬಾಯಲ್ಲಿಲ್ಲ.

ಇನ್ನೊಂದು ಅಪಾಯ: ಡಬ್ಲ್ಯು ಕೈಗೆ ಸಿಕ್ಕಿದ ಖುಷಿಗೆ ‘ವೆಜಿಟೆಬಲ್’ಗೂ ತುಟಿ ದುಂಡಗಾಗುತ್ತೆ. ನಾನು ತಿಂಗಳುಗಟ್ಟಲೆ ಹಾಗೇ ಮಾಡಿದೆ. ಕನ್ನಡಿ ಮುಂದೆ ‘ವೆರಿ ವೆಲ್’ ಅನ್ನಿ. ‘ವೆರಿ’ಗೆ ಮೇಲಿನ ಹಲ್ಲಿನ ಅಂಚು ಕಾಣಬೇಕು, ‘ವೆಲ್’ಗೆ ಕಾಣಬಾರದು.