ನಾನೂ ಕೇಳಬಹುದಾ ಮೇಡಂ?

ಪಿಎಚ್‌ಡಿ ಮಾಡುತ್ತಿರುವವರು ನನ್ನ ಬಳಿ ಬಂದಾಗ ಮೊದಲಿಗೆ ಪಿಎಚ್‌ಡಿಯ ಮಾತೆತ್ತುವುದಿಲ್ಲ. ನಿದ್ದೆ ಬರುತ್ತಿಲ್ಲ ಎನ್ನುತ್ತಾರೆ, ಹೊಟ್ಟೆಯಲ್ಲಿ ಉರಿ ಎನ್ನುತ್ತಾರೆ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗಾಡುತ್ತೇನೆ ಎನ್ನುತ್ತಾರೆ. ಎರಡನೆಯದೋ ಮೂರನೆಯದೋ ಭೇಟಿಯಲ್ಲಿ ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಮೇಷ್ಟ್ರ ವಿಚಾರ ಬರುತ್ತದೆ. ಗೈಡ್ ಜೊತೆಗೆ ಇನ್ನು ಕೆಲವರು ಕೂತು ಸಂಶೋಧನೆಯ ಪ್ರಗತಿ ನೋಡುವ ಸಲಹಾ ಸಮಿತಿಯ ವಿಚಾರ ಮಾತ್ರ ನಾನಾಗಿ ಕೆದಕುವವರೆಗೆ ಬರುವುದೇ ಇಲ್ಲ. ದಾವಣಗೆರೆಯಲ್ಲಿ ಆಪ್ತಸಲಹೆ ನೀಡುತ್ತ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ. ಇಲ್ಲಿರುವುದು ಒಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಮನೆಯ ವಿವರ, ಅಧ್ಯಯನದ ವಿಷಯ ಎರಡನ್ನೂ ಬದಲಿಸಿದ್ದೇನೆ. ವಿಶ್ವವಿದ್ಯಾಲಯ ಯಾವುದೆಂದು ಹೇಳುವುದಿಲ್ಲ.

ಆಕೆ ಜಗಳೂರು ಕಡೆಯವರು, ವಯಸ್ಸು ಮೂವತ್ತರ ಆಚೀಚೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಅತಿಥಿ ಉಪನ್ಯಾಸಕಿ. ಎರಡು ವರ್ಷದ ಮಗು ಇದೆ. ಕೊಳವೆಬಾವಿ ಬತ್ತಿದ ಊರುಗಳಲ್ಲಿ ಹೆಣ್ಣುಮಕ್ಕಳ ದುಡಿಮೆ ಹೇಗೆ ಬದಲಾಗಿದೆ ಎನ್ನುವುದು ಅವರ ಸಂಶೋಧನೆ. ಜಗಳೂರು, ಚಳ್ಳಕೆರೆ ಎರಡೂ ತಾಲ್ಲೂಕಿನ ಹಳ್ಳಿಗಳನ್ನು ತೆಗೆದುಕೊಂಡಿದ್ದರು. 1997ರಲ್ಲಿ ಜಗಳೂರು ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಚಳ್ಳಕೆರೆ ಚಿತ್ರದುರ್ಗದಲ್ಲೇ ಉಳಿದು ಜಿಲ್ಲೆ ಬೇರೆಯಾದರೂ ಬರ ಅವೆರಡನ್ನೂ ಬೇರೆ ಮಾಡಿಲ್ಲ. ಮುನ್ನೂರು ಮನೆಗಳ ಸಮೀಕ್ಷೆ ಆಗಬೇಕಿತ್ತು, ನೂರ ನಲವತ್ತಕ್ಕೆ ನಿಂತಿತ್ತು. ಹತ್ತು ತಿಂಗಳಿಂದ ಒಂದು ಹಾಳೆಯನ್ನೂ ಬರೆದಿರಲಿಲ್ಲ.

ಮೊದಲ ದಿನವೇ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ: ಬದುಕೇ ಬೇಡ ಅಂತ ಯಾವತ್ತಾದರೂ ಅನ್ನಿಸಿದೆಯಾ?

“ಹಂಗೇನಿಲ್ರೀ ಮೇಡಂ. ಗೈಡ್ ನೋಡೋಕೆ ಹೋಗೋ ದಿನ ಬಸ್ಸು ದಾರೀಲಿ ಕೆಟ್ಟು ನಿಲ್ಲಲಿ ಅಂತ ಬೇಡ್ಕೋತೀನಿ, ಅಷ್ಟೇ.”

ಅಷ್ಟೇ ಎಂದು ಅವರು ಹೇಳಿದ ರೀತಿ ನನಗೆ ಮರೆತಿಲ್ಲ. (ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಬೇಡ ಅನ್ನಿಸುತ್ತಿದ್ದರೆ ಇಂದೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ.)

ಮೊದಲ ಮೂರು ಭೇಟಿ ನಿದ್ದೆ, ಊಟ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದರಲ್ಲೇ ಕಳೆದವು. ಅವು ಮುಖ್ಯವೇ, ಆದರೆ ಇಲ್ಲಿ ಬರೆಯಬೇಕಾದದ್ದು ನಾಲ್ಕನೆಯ ಭೇಟಿ.

ಅಂದು ನಾನು ಕೇಳಿದೆ, “ಕಳೆದ ಸಲ ನಿಮ್ಮ ಸಲಹಾ ಸಮಿತಿ ಕೂತಾಗ ಏನೇನಾಯ್ತು? ಬೆಳಗ್ಗೆಯಿಂದ ಹೇಳಿ.”

ಎಷ್ಟು ಚೆನ್ನಾಗಿ ಹೇಳಿದರು ಗೊತ್ತೇ! ಹಿಂದಿನ ರಾತ್ರಿಯೇ ಮೈಸೂರು ಪಾಕು ತಂದಿಟ್ಟಿದ್ದು, ಒಬ್ಬ ಸದಸ್ಯರಿಗೆ ಸಕ್ಕರೆ ಕಾಯಿಲೆ ಅಂತ ಅವರಿಗೆ ಬೇರೆ ಫ್ಲಾಸ್ಕಿನಲ್ಲಿ ಸಕ್ಕರೆ ಹಾಕದ ಕಾಫಿ, ಹೊರಗಿನಿಂದ ಬಂದ ಮೇಡಂಗೆ ಹಣ್ಣಿನ ಬುಟ್ಟಿ, ಶಾಲು. ತಟ್ಟೆಗಳನ್ನು ಪಕ್ಕದ ವಿಭಾಗದಿಂದ ಎರವಲು ತಂದದ್ದು. ಎಲ್ಲ ಸೇರಿ ಎರಡು ಸಾವಿರದ ಚಿಲ್ಲರೆ. ಅತಿಥಿ ಉಪನ್ಯಾಸಕಿಗೆ ಅದು ಸಣ್ಣ ಮೊತ್ತವಲ್ಲ. ಆಮೇಲೆ ಹತ್ತು ಸ್ಲೈಡು ತೋರಿಸಿದ್ದಾರೆ. “ಕಂಟಿನ್ಯೂ ಮಾಡಮ್ಮ” ಎಂದಿದ್ದಾರೆ. ಸಹಿ ಆಗಿದೆ. ಅದಾದ ಮೇಲಿನ ಎರಡು ಸೆಮಿಸ್ಟರ್ ಸಭೆಯೇ ಸೇರಲಿಲ್ಲ, ವರದಿ ಕೈಯಿಂದ ಕೈಗೆ ಹೋಗಿ ಸಹಿಯಾಗಿ ಬಂದಿದೆ. ವರದಿಯಲ್ಲಿ ಏನು ಬರೆದಿದ್ದಿರಿ ಎಂದರೆ, “ಕ್ಷೇತ್ರಕಾರ್ಯ ಪ್ರಗತಿಯಲ್ಲಿದೆ ಅಂತ. ಎರಡೂ ಸಲ ಅದೇ ಸಾಲು, ದಿನಾಂಕ ಬದಲಾಯಿಸಿದೆ.”

“ಸರಿ. ಆ ಸಭೇಲಿ ನೀವು ಅವರನ್ನ ಏನು ಕೇಳಿದ್ರಿ?”

ಆಕೆ ನನ್ನ ಮುಖ ನೋಡಿದರು. ಪ್ರಶ್ನೆ ಅರ್ಥವಾಗಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದೆ.

“ಅವರು ನನ್ನನ್ನ ಕೇಳೋದಲ್ವಾ ಮೇಡಂ?” ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, “ನಾನೂ ಕೇಳಬಹುದಾ?”

ಕೇಳಬಹುದು ಎಂದೆ. ಈಗಲೇ ಕೇಳುವ ಹಾಗಿದ್ದರೆ ಏನು ಕೇಳುತ್ತೀರಿ?

ಹತ್ತು ತಿಂಗಳಿಂದ ಯಾರಿಗೂ ಹೇಳದೇ ಇದ್ದದ್ದು ಆಗ ಹೊರಗೆ ಬಂತು. ಹಳ್ಳಿಯಲ್ಲಿ ಯಾವ ಮನೆಗೆ ಹೋದರೂ ಉತ್ತರ ಕೊಟ್ಟವರು ಗಂಡಸರು. “ಅವಳಿಗೇನು ಗೊತ್ತು, ನನ್ನ ಕೇಳ್ರಿ” ಎಂದು ಮುಂದೆ ಬಂದು ಕೂತವರು. ಹೆಂಡತಿ ಎಷ್ಟು ದಿನ ಅಡಿಕೆ ಸುಲಿಯಲು ಚನ್ನಗಿರಿ ಕಡೆ ಹೋಗುತ್ತಾಳೆ, ಶೇಂಗಾ ಬಿಡಿಸಿದ್ದಕ್ಕೆ ಎಷ್ಟು ಕೂಲಿ ಸಿಗುತ್ತದೆ, ನೀರಿಗೆ ಎಷ್ಟು ದೂರ ನಡೆಯುತ್ತಾಳೆ ಎಲ್ಲವನ್ನೂ ಗಂಡನೇ ಹೇಳಿದ್ದಾನೆ. ಹೆಂಗಸರು ಬಾಗಿಲ ಹಿಂದೆ. ನೂರ ನಲವತ್ತು ಪ್ರಶ್ನಾವಳಿಗಳಲ್ಲಿ ಹೆಣ್ಣಿನ ಮಾತೇ ಇಲ್ಲ. “ನನ್ನ ಡೇಟಾನೇ ಸುಳ್ಳು ಮೇಡಂ. ಇದನ್ನ ಕಮಿಟಿ ಮುಂದೆ ಹೇಳಿದ್ರೆ ಕಳ್ಳಿ ಅಂತಾರೆ. ಹೇಳದೇ ಬರೆದ್ರೆ ನಾನು ನಿಜವಾಗ್ಲೂ ಕಳ್ಳಿನೇ.”

ಈ ಹೆಣ್ಣುಮಗಳಿಗೆ ನಿದ್ದೆ ಬಾರದೇ ಇದ್ದದ್ದಕ್ಕೆ ಕಾರಣ ಅವರ ಮನಸ್ಸಿನ ದೌರ್ಬಲ್ಯವಲ್ಲ. ಪ್ರಾಮಾಣಿಕತೆ ಇದ್ದುದರಿಂದಲೇ ನಿದ್ದೆ ಹೋಗಿತ್ತು. ಆ ತೊಡಕನ್ನು ಬಿಡಿಸಬಲ್ಲವರು ನನ್ನ ಕೋಣೆಯಲ್ಲಿರಲಿಲ್ಲ, ಅವರ ಸಮಿತಿಯಲ್ಲಿದ್ದರು.

ಮುಂದಿನ ಭೇಟಿಗೆ ನಾನು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮಾವಳಿಯ ಪ್ರತಿ ಇಟ್ಟುಕೊಂಡಿದ್ದೆ. ಅವರ ನೋಂದಣಿ ಅದರ ಅಡಿಯಲ್ಲೇ ಆಗಿತ್ತು. ಇಬ್ಬರೂ ಕೂತು ಓದಿದೆವು. ಪ್ರತಿ ಸಂಶೋಧಕರಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಗೈಡ್ ಅದರ ಸಂಚಾಲಕರು. ಅದಕ್ಕೆ ಹೇಳಿರುವ ಕೆಲಸ ಮೂರು. ಸಂಶೋಧನಾ ಪ್ರಸ್ತಾವ ನೋಡಿ ವಿಷಯ ಅಂತಿಮಗೊಳಿಸುವುದು. ಅಧ್ಯಯನದ ವಿನ್ಯಾಸ, ವಿಧಾನ ರೂಪಿಸಿಕೊಳ್ಳಲು ಮಾರ್ಗದರ್ಶನ ಮಾಡಿ, ಯಾವ ಕೋರ್ಸ್ ಓದಬೇಕೆಂದು ಗುರುತಿಸಿಕೊಡುವುದು. ಕಾಲಕಾಲಕ್ಕೆ ಪ್ರಗತಿಯನ್ನು ಪರಿಶೀಲಿಸಿ ನೆರವಾಗುವುದು. ಈ ಕೊನೆಯದರ ಹತ್ತಿರ ಆಕೆ ಬೆರಳಿಟ್ಟು ನಿಂತರು. ಪರಿಶೀಲಿಸಿ, ನೆರವಾಗುವುದು. ಎರಡು ಕ್ರಿಯಾಪದಗಳಿವೆ. ನಮ್ಮ ಕಡೆ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ಪ್ರತಿ ಸೆಮಿಸ್ಟರ್ ಸಂಶೋಧಕರು ಈ ಸಮಿತಿಯ ಮುಂದೆ ಹಾಜರಾಗಿ ಕೆಲಸ ಮಂಡಿಸಬೇಕು, ಕಿರು ವರದಿ ಕೊಡಬೇಕು. ಪ್ರಗತಿ ಸಾಲದು ಎಂದಾದರೆ ಸಮಿತಿ ಕಾರಣ ದಾಖಲಿಸಿ, ಸರಿಪಡಿಸಿಕೊಳ್ಳುವ ದಾರಿ ಸೂಚಿಸಬೇಕು. ಆ ಸೂಚನೆಗಳನ್ನು ಪಾಲಿಸದೇ ಹೋದಾಗ ಮಾತ್ರ, ಅದೂ ನಿರ್ದಿಷ್ಟ ಕಾರಣ ಕೊಟ್ಟು, ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಕಷ್ಟ ಹೇಳಿಕೊಂಡ ಕೂಡಲೇ ಹೆಸರು ಹೊಡೆದುಹಾಕುತ್ತಾರೆ ಎಂದು ಆಕೆ ನಂಬಿದ್ದರು. ನಿಯಮ ಹೇಳುವುದು ಅದಕ್ಕೆ ಉಲ್ಟಾ: ಮೊದಲು ದಾರಿ ತೋರಿಸಬೇಕು. ಗಡುವಿನ ಬಗ್ಗೆಯೂ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೂ 2, ಮಹಿಳೆಯರಿಗೆ ಅದರ ಮೇಲೆ 2 ವರ್ಷದ ಸಡಿಲಿಕೆಗೂ ಅವಕಾಶವಿದೆ. ಹೆರಿಗೆ ಮತ್ತು ಶಿಶುಪಾಲನೆಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಬಹುದು. ಮಗು ಹುಟ್ಟಿ ಒಂದೂವರೆ ತಿಂಗಳಿಗೆ ಕೋರ್ಸ್ ವರ್ಕ್ ತರಗತಿಗೆ ಹೋದವರು ಇವರು. ಯಾರೂ ಹೇಳಲಿಲ್ಲವೇ ಎಂದರೆ, “ಕೇಳಲಿಲ್ಲ” ಎಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮುಂದಿನ ವರದಿಯಲ್ಲಿ “ಪ್ರಗತಿಯಲ್ಲಿದೆ” ಎನ್ನುವ ಪದ ಬೇಡ. ಎಷ್ಟು ಮನೆ ಆಗಿದೆ, ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಬರೆಯಿರಿ. ಕೊನೆಯಲ್ಲಿ ಸಮಿತಿಯಿಂದ ಏನು ಬೇಕು ಎನ್ನುವುದನ್ನು ಎರಡೇ ಪ್ರಶ್ನೆಯಾಗಿ ಇಡಿ. ಸಭೆಗೆ ಒಂದು ವಾರ ಮೊದಲೇ ಕಳಿಸಿ, ಆ ದಿನ ಕೈಗೆ ಕೊಟ್ಟರೆ ಯಾರೂ ಓದುವುದಿಲ್ಲ. ಸಮಿತಿ ಏನು ಹೇಳಿತೋ ಅದು ನಡಾವಳಿಯಲ್ಲಿ ಬರಲಿ, ಅದರ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ. ನಾಳೆ ಮೌಲ್ಯಮಾಪಕರು ವಿಧಾನ ಯಾಕೆ ಬದಲಾಯಿತು ಎಂದು ಕೇಳಿದರೆ ಉತ್ತರ ಅದರಲ್ಲಿರುತ್ತದೆ. ಇದೆಲ್ಲಕ್ಕಿಂತ ಮೊದಲು, ಗೈಡ್‌ಗೆ ಹೇಳಿ. ಅವರಿಗೆ ಗೊತ್ತಿಲ್ಲದೆ ಸಮಿತಿಯ ಮುಂದೆ ಇದನ್ನು ತೆಗೆಯಬೇಡಿ.

ಈ ಕೊನೆಯ ಮಾತಿಗೆ ನನ್ನನ್ನು ಟೀಕಿಸಿದವರಿದ್ದಾರೆ. ಆಕೆಯ ಗಂಡನಿಗೆ ಅದು ಇಷ್ಟವಾಗಲಿಲ್ಲ. ಎರಡೂವರೆ ವರ್ಷ ಕಣ್ಣೆತ್ತಿ ನೋಡದ ಗೈಡ್‌ಗೆ ಇನ್ನೂ ಮರ್ಯಾದೆ ಯಾಕೆ, ಬದಲಾಯಿಸಿಬಿಡಿ ಎಂದು ಹೇಳಬಾರದಿತ್ತೇ ಎಂದು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪ್ರೊಫೆಸರ್ ಒಬ್ಬರು ಒಂದು ಸಲಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಡುವಿನಲ್ಲಿ ಕೈ ಬಿಟ್ಟು ಬಂದವರಿಗೆ ಅದೇ ವಿಷಯ ಬಲ್ಲ, ಜಾಗ ಖಾಲಿ ಇರುವ ಗೈಡ್ ಸಿಗುವುದು ಸುಲಭವಿಲ್ಲ. ಅವಮಾನ, ಬೈಗುಳ, ಲೈಂಗಿಕ ಕಿರುಕುಳ ಇದ್ದಿದ್ದರೆ ನಾನು ಒಂದು ದಿನವೂ ಕಾಯಲು ಹೇಳುತ್ತಿರಲಿಲ್ಲ, ದೂರು ಕೊಡಲು ಕಳಿಸುತ್ತಿದ್ದೆ, ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ. ಇಲ್ಲಿ ಇದ್ದದ್ದು ಅಲಕ್ಷ್ಯ. ಅಲಕ್ಷ್ಯಕ್ಕೆ ಮೊದಲ ಮದ್ದು ಎದುರು ಹೋಗಿ ನಿಂತು ಕೇಳುವುದು ಎಂದು ನಾನು ನಂಬಿದ್ದೇನೆ. ಗೈಡ್ ಒಬ್ಬರೇ ಇದ್ದಾಗ ಬಾಯಿ ಕಟ್ಟುವ ವಿದ್ಯಾರ್ಥಿಗೆ ಇನ್ನಿಬ್ಬರು ಕೂತಿರುವ ಸಭೆ ಎಷ್ಟು ದೊಡ್ಡ ಆಸರೆ ಎನ್ನುವುದನ್ನೂ ಕಂಡಿದ್ದೇನೆ.

ಇನ್ನೊಂದು ಟೀಕೆ ನನ್ನ ವೃತ್ತಿಯವರಿಂದಲೇ ಬಂತು. ಆಪ್ತಸಲಹೆಗಾರರು ಯುಜಿಸಿ ನಿಯಮ ಓದಿಸುವುದು ಯಾವ ಕ್ರಮ, ಆತಂಕಕ್ಕೆ ಚಿಕಿತ್ಸೆ ಕೊಡಿ ಸಾಕು ಎಂದರು. ಹಿಂದೆ ನಾನೂ ಹಾಗೇ ಮಾಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಒಬ್ಬ ಹುಡುಗ ಇದೇ ಸ್ಥಿತಿಯಲ್ಲಿ ಬಂದಿದ್ದ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ನಿದ್ದೆ ಸರಿಮಾಡಿದೆ. ಅವನ ಸಮಿತಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಚೆನ್ನಾಗಿ ನಿದ್ದೆ ಮಾಡುತ್ತಲೇ ಅವನು ಗಡುವು ಕಳೆದುಕೊಂಡ, ನೋಂದಣಿ ಬಿದ್ದುಹೋಯಿತು. ಫೋನಿನಲ್ಲಿ ಅವನು ಅದನ್ನು ಹೇಳಿದ ಸಂಜೆ ನಾನು ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ. ಕಾಲಿಗೆ ಮುಳ್ಳು ಚುಚ್ಚಿರುವಾಗ ನೋವು ತಡೆಯುವುದನ್ನು ಕಲಿಸಿದ್ದೆ, ಮುಳ್ಳು ತೆಗೆಯಿಸಲಿಲ್ಲ. ಅದಕ್ಕೇ ಈಗ ಓದಿಸುತ್ತೇನೆ.

ಗೈಡ್ ಬಳಿ ಆಡಬೇಕಾದ ನಾಲ್ಕು ಮಾತನ್ನು ನಾವು ನನ್ನ ಕೋಣೆಯಲ್ಲಿ ಐದಾರು ಸಲ ಆಡಿ ನೋಡಿದೆವು. ನಾನು ಗೈಡ್ ಆಗಿ ಕೂತೆ. ಮೊದಲ ಸಲ ಆಕೆ “ಸಾರಿ ಸರ್” ಎಂದೇ ಶುರುಮಾಡಿದರು. ಆ ಪದ ಬಿಡುವುದಕ್ಕೆ ಮೂರು ಸಲ ಬೇಕಾಯಿತು. ನಿಜವಾದ ಗೈಡ್ ಕೇಳಿಸಿಕೊಂಡು, “ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?” ಎಂದರಂತೆ. ಸ್ವಲ್ಪ ಗದರಿದರಂತೆ ಕೂಡ. ಆದರೆ ಅದೇ ವಾರ ಸಭೆಯ ದಿನಾಂಕ ಹಾಕಿದರು.

ಸಭೆಯಲ್ಲಿ ಒಬ್ಬ ಸದಸ್ಯರು ಅರ್ಧಕ್ಕೇ ಎದ್ದುಹೋದರು, ಬೇರೆ ಕೆಲಸವಿತ್ತು. ಹೊರಗಿನಿಂದ ಬಂದ ಮೇಡಂ ಮಾತ್ರ ಮುಕ್ಕಾಲು ಗಂಟೆ ಕೂತು ಆ ಪ್ರಶ್ನಾವಳಿಗಳನ್ನು ಒಂದೊಂದಾಗಿ ತಿರುವಿದ್ದಾರೆ. ಕೊಟ್ಟ ದಾರಿ ಇದು: ಜಮೀನು, ಕೊಳವೆಬಾವಿಯ ಆಳ, ಸಾಲ, ಇಂಥ ಮನೆಯ ಲೆಕ್ಕಕ್ಕೆ ಈ ನೂರ ನಲವತ್ತು ಸಾಕು. ಮುನ್ನೂರು ತಲುಪಬೇಕಾಗಿಲ್ಲ. ಹೆಂಗಸರ ದುಡಿಮೆಗೆ ಮೂವತ್ತು ಹೆಂಗಸರನ್ನು ಆರಿಸಿ ಬೇರೆಯಾಗಿ, ಉದ್ದಕ್ಕೆ ಮಾತಾಡಿಸು. ಮನೆಗೆ ಹೋಗಬೇಡ, ಶೇಂಗಾ ಬಿಡಿಸುವ ಕಣಕ್ಕೆ, ಅಡಿಕೆ ಸುಲಿಯುವ ಜಾಗಕ್ಕೆ ಹೋಗು. ಗಂಡಸರು ಅಡ್ಡ ಬಂದದ್ದನ್ನು ವಿಧಾನದ ಅಧ್ಯಾಯದಲ್ಲಿ ಮುಚ್ಚಿಡದೆ ಬರೆ. ಗೈಡ್ ಒಪ್ಪಿದರು, ನಡಾವಳಿಯಲ್ಲಿ ಬರೆಸಿದರು. ಆರು ಸಾಲಿನ ಆ ಹಾಳೆಯ ಫೋಟೊ ಆಕೆ ನನಗೆ ರಾತ್ರಿ ಹತ್ತೂವರೆಗೆ ಕಳಿಸಿದ್ದರು.

ಎಲ್ಲ ಸಮಿತಿಯಲ್ಲೂ ಇಂಥ ಮೇಡಂ ಇರುತ್ತಾರೆ ಎಂದು ನಾನು ಹೇಳಲಾರೆ. ಪ್ರಶ್ನೆ ಕೇಳಿದ್ದಕ್ಕೇ ಮುನಿಸಿಕೊಂಡ ಸಮಿತಿಗಳ ಕಥೆಯನ್ನೂ ಕೇಳಿದ್ದೇನೆ. ಆದರೂ ಸಹಿಗಾಗಿ ಕಾಗದ ಓಡಾಡುವ ಕಡೆ ಸಭೆಯನ್ನೇ ಸೇರಿಸಿ ಎಂದು ವಿನಯದಿಂದ, ಬರೆದು ಕೇಳಿ ಎನ್ನುತ್ತೇನೆ. ಸಮಿತಿಯಲ್ಲಿ ಕೂರುವ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: “ಕಂಟಿನ್ಯೂ ಮಾಡಮ್ಮ” ಎನ್ನುವ ಮೊದಲು “ಎಲ್ಲಿ ನಿಂತಿದೆಯಮ್ಮ?” ಎಂದು ಒಂದು ಸಲ ಕೇಳಿ. ತಿಂಡಿ, ಶಾಲು ಬೇಡ ಎಂದು ಮೊದಲೇ ಹೇಳಿಕಳಿಸಿ.

ಆಕೆಯ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ತಿಂಗಳಿಗೊಮ್ಮೆ ಬರುತ್ತಾರೆ. ಹದಿನೇಳು ಹೆಂಗಸರ ಜೊತೆ ಮಾತಾಡಿ ಆಗಿದೆ. ಹೋದ ವಾರ ಬಂದಾಗ ಮುಂದಿನ ಸಭೆಗೆ ಬರೆದಿಟ್ಟುಕೊಂಡ ಪ್ರಶ್ನೆಗಳನ್ನು ತೋರಿಸಿದರು. ಮೂರನೆಯದಕ್ಕೆ ಎರಡು ಸಲ ಗೆರೆ ಎಳೆದಿದ್ದರು: ಆ ಹೆಂಗಸರ ಮಾತನ್ನು ಪ್ರಬಂಧದಲ್ಲಿ ಅವರಾಡಿದ ಹಾಗೇ, ಜಗಳೂರಿನ ಕನ್ನಡದಲ್ಲೇ ಇಡಬಹುದಾ, ತಿದ್ದಬೇಕಾ?