ಕಾಡಲ್ಲಿ ಮಂಗ ಸತ್ತಿದೆ, ಮನೇಲಿ ಜ್ವರ: ಮೆಡಿಕಲ್ ಮಾತ್ರೆ ಸಾಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ದು ಕೊಪ್ಪ ಹತ್ರ ಅಡಿಕೆ ತೋಟ. ಪಕ್ಕದ ಕಾಡಲ್ಲಿ ಹೋದ ವಾರ ಮಂಗ ಸತ್ತು ಬಿದ್ದಿತ್ತು, ನಮ್ಮ ಯಜಮಾನ್ರು ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ತರೋಕೆ ಅಲ್ಲಿಗೇ ಹೋಗೋದು, ಈಗ ಮೂರು ದಿನದಿಂದ ಜ್ವರ, ತಲೆ ಸೊಂಟ ಎಲ್ಲ ನೋವು. ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ಕೊಡ್ತಿದೀನಿ. ಇದು ಮಂಗನ ಕಾಯಿಲೆ ಇರಬಹುದಾ, ಮಕ್ಕಳಿಗೂ ಅಂಟುತ್ತಾ? ಮೊದಲು ಲಸಿಕೆ ಹಾಕ್ತಿದ್ರಲ್ಲ, ಈಗ ಯಾಕಿಲ್ಲ?

ಉತ್ತರ: ಅಮ್ಮ, ಮೊದಲು ಆ ನೋವಿನ ಮಾತ್ರೆ ನಿಲ್ಸಿ. ಇವತ್ತೇ ಅವರನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಕಾಡಿಗೆ ಹೋಗಿದ್ದು, ಮಂಗ ಸತ್ತಿದ್ದು, ಯಾವ ಮಾತ್ರೆ ಕೊಟ್ರಿ ಅನ್ನೋದು ಮೂರನ್ನೂ ಬಾಯಿ ಬಿಟ್ಟು ಹೇಳಿ, ಯಾಕಂದ್ರೆ ನೀವು ಹೇಳದೇ ಇದ್ರೆ ಡಾಕ್ಟರು ಮಾಮೂಲಿ ವೈರಲ್ ಜ್ವರ ಅಂದ್ಕೊಂಡು ಕಳಿಸಿಬಿಡಬಹುದು. ಮಂಗನ ಕಾಯಿಲೆ ಹೌದೋ ಅಲ್ವೋ ರಕ್ತದ ಆರ್‌ಟಿ-ಪಿಸಿಆರ್ ಥರದ ಪರೀಕ್ಷೆಲೇ ಗೊತ್ತಾಗೋದು. ಈ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಇಳಿಯುತ್ತೆ, ಮೂಗು ಒಸಡಿಂದ ರಕ್ತ ಬರಬಹುದು, ಅದರ ಮೇಲೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗಿದ್ರೆ ರಕ್ತಸ್ರಾವ ಇನ್ನೂ ಜಾಸ್ತಿ ಆಗುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಡಾಕ್ಟರು ಹೇಳಿದಷ್ಟೇ. ವೈರಸ್ಸನ್ನೇ ಕೊಲ್ಲೋ ಔಷಧಿ ಇದಕ್ಕಿಲ್ಲ, ಮೈಯಲ್ಲಿ ನೀರು ಕಮ್ಮಿಯಾಗದಂಗೆ ನೋಡ್ಕೊಳ್ಳೋದೇ ದೊಡ್ಡ ಚಿಕಿತ್ಸೆ: ಉಪ್ಪು ಹಾಕಿದ ತೆಳು ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕೊಡ್ತಾ ಇರಿ. ವಾಂತಿ ನಿಲ್ತಿಲ್ಲ, ರಕ್ತ ಕಾಣಿಸ್ತು, ಮಾತು ತೊದಲ್ತಿದೆ ಅಂದ್ರೆ ಅಡ್ಮಿಟ್ ಮಾಡಲೇಬೇಕು. ಇನ್ನೊಂದು, ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದವರಲ್ಲಿ ಕೆಲವರಿಗೆ ಮತ್ತೆ ಜ್ವರ ಬಂದು ಮಿದುಳಿಗೆ ತೊಂದ್ರೆ ಆಗುತ್ತೆ, ಆಗ ಮನೇಲಿ ಕೂರಬೇಡಿ.

ಮಕ್ಕಳಿಗೆ ಅವರಿಂದ ಅಂಟಲ್ಲ, ಹೆದರಬೇಡಿ. ಮನುಷ್ಯರಿಂದ ಮನುಷ್ಯರಿಗೆ ಬರೋ ರೋಗ ಅಲ್ಲ ಇದು. ಉಣ್ಣೆ ಅನ್ನೋ ರಕ್ತ ಹೀರೋ ಹುಳ ಕಚ್ಚಿದ್ರೆ ಬರುತ್ತೆ, ಮಂಗ ಸತ್ತ ಜಾಗದಲ್ಲಿ ಆ ಉಣ್ಣೆಗಳು ಕೆಳಗಿಳಿದು ದರಗಲ್ಲಿ ಇರ್ತವೆ, ಡಿಸೆಂಬರಿಂದ ಮೇ ತನಕ ಮರಿ ಉಣ್ಣೆಗಳ ಕಾಟ ಹೆಚ್ಚು. ಹಾಗಾಗಿ ಈ ಸೀಸನ್ನಲ್ಲಿ ಆ ಜಾಗದ ದರಗು ಕೊಟ್ಟಿಗೆಗೆ ತರಲೇಬೇಡಿ. ತೋಟಕ್ಕೆ ಹೋಗಲೇಬೇಕಾದ್ರೆ ಮೈ ತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡೋ, ಉಣ್ಣೆ ಹತ್ತದಂಗೆ ತಡೆಯೋ ಡೆಪಾ ಎಣ್ಣೆ, ಬಂದ ತಕ್ಷಣ ಬಿಸಿನೀರು ಸೋಪಲ್ಲಿ ಸ್ನಾನ, ಬಟ್ಟೆನೂ ಬಿಸಿನೀರಿಗೆ. ಎಣ್ಣೆ ವಾಸನೆ ಅಂತ ಹಚ್ಚದೇ ಹೋಗೋರಿದಾರೆ, ಅದನ್ನ ಕೇಳಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಲಸಿಕೆ ವಿಷಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಈ ರೋಗ ಪತ್ತೆಯಾಯ್ತು, ಆಮೇಲೆ ಬಂದ ಹಳೇ ಲಸಿಕೆಯ ಪರಿಣಾಮ ಕಮ್ಮಿ ಅಂತ ಈಗ ನಿಲ್ಸಿದಾರೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಜೊತೆ ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸದನ್ನ ತಯಾರಿಸ್ತಿದೆ. ಅದು ಕೈಗೆ ಸಿಗೋ ತನಕ ಎಣ್ಣೆನೇ ಗತಿ. ಮತ್ತೆ ಮಂಗ ಸತ್ತಿದ್ದು ಕಂಡ್ರೆ ಮುಟ್ಟಬೇಡಿ, ಹತ್ರಾನೂ ಹೋಗ್ಬೇಡಿ, ಪಂಚಾಯ್ತಿಗೋ ಆಶಾ ಕಾರ್ಯಕರ್ತೆಗೋ ಅವತ್ತೇ ಫೋನ್ ಮಾಡಿ.